ತಮಿಳು ಬಾರದವರು ತಿರುಪ್ಪಾವೈ ಕಲಿಯುವುದು ಹೀಗೆ

ತಿರುಪ್ಪಾವೈ ಎಂದರೆ ಧನುರ್ಮಾಸದ ಬೆಳಗಿನ ಜಾವ ವಿಷ್ಣು ದೇವಸ್ಥಾನಗಳಲ್ಲಿ ಹೇಳುವ ತಮಿಳು ಹಾಡುಗಳು. ಧನುರ್ಮಾಸ ಶುರುವಾಗುವುದು ಡಿಸೆಂಬರ್ 16ರ ಹೊತ್ತಿಗೆ. ಆ ದಿನ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗಿ ಮೊದಲ ಸಲ ಪುಸ್ತಕ ತೆರೆದರೆ ಕಷ್ಟ. ಗೋಷ್ಠಿಯವರು, ಅಂದರೆ ಒಟ್ಟಾಗಿ ಹೇಳುವ ಗುಂಪಿನವರು, ಹೇಳುವ ವೇಗಕ್ಕೆ ನಮ್ಮ ಕಣ್ಣೂ ಓಡುವುದಿಲ್ಲ. ಹಾಗಾಗಿ ನವೆಂಬರಿನಲ್ಲೇ ಕೂತುಬಿಡಿ. ಭಕ್ತಕವಯಿತ್ರಿ ಆಂಡಾಳ್ ಇದರಲ್ಲಿ ಹಾಡಿದ್ದು 30 ಪಾಶುರ, ಅಂದರೆ ಪದ್ಯ, ಒಂದೊಂದಕ್ಕೂ ಎಂಟು ಸಾಲು. ದಿನಕ್ಕೊಂದು ಕಲಿತರೂ ಸಾಕು, ಅಲ್ವಾ?

ಮೊದಲ ಎರಡು ವರ್ಷ ನಾನು ಕನ್ನಡ ಲಿಪಿಯ ಪುಸ್ತಕ ಹಿಡಿದು ಸುಮ್ನೆ ಗಿಳಿಪಾಠ ಒಪ್ಪಿಸುತ್ತಿದ್ದೆ. ಒಂದು ದಿನ ಪಕ್ಕದ ಮನೆ ಮಾಮಿ, "ಏನಮ್ಮಾ, ಹೇಳ್ತಿರೋದು ಅರ್ಥ ಆಗ್ತಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಅದರಲ್ಲಿ ಅರ್ಧ ಕನ್ನಡವೇ ಇದೆ, ಸ್ವಲ್ಪ ಕಿವಿ ಕೊಡು" ಎಂದು ಮೊದಲ ಪಾಶುರದ ಒಂದು ಸಾಲನ್ನು ನಿಧಾನವಾಗಿ ಹೇಳಿದರು. "ನಾರಾಯಣನೇ ನಮಕ್ಕೇ ಪಱೈ ತರುವಾನ್." ನಾರಾಯಣನೇ ನಮಗೇ ಪಱೆ ತರುವನು! ಪಱೆ ಎಂದರೆ ಹಳಗನ್ನಡದಲ್ಲೂ ವಾದ್ಯವೇ. ಹಾಡಿನಲ್ಲಿ ಧನುರ್ಮಾಸದ ವ್ರತ ಹಿಡಿದ ಗೋಕುಲದ ಹುಡುಗಿಯರು ಕೃಷ್ಣನಲ್ಲಿ ಕೇಳುವುದು ಅದನ್ನೇ. ಅವತ್ತಿನಿಂದ ನಾನು ಕಲಿಯುವ ರೀತಿಯೇ ಬದಲಾಯಿತು, ಈಗ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ.

ಮೊದಲು ಅರ್ಥದ ಪುಸ್ತಕ ಬೇಡ. ಪಾಶುರ ಓದುತ್ತಾ ಪೆನ್ಸಿಲ್ ಹಿಡಿದು, ಕನ್ನಡದ್ದು ಅನ್ನಿಸಿದ ಪದಗಳ ಕೆಳಗೆ ಗೆರೆ ಎಳೆಯಿರಿ. ಮೂರು ಸೂತ್ರ ನೆನಪಿಟ್ಟುಕೊಂಡರೆ ತುಂಬಾ ಪದಗಳು ತಾವಾಗಿ ತೆರೆದುಕೊಳ್ಳುತ್ತವೆ. ಅಲ್ಲಿನ ಪ ನಮ್ಮಲ್ಲಿ ಹ ಆಗಿದೆ: ಪಾಲ್ ಎಂದರೆ ಹಾಲು, ಪಾಡು ಎಂದರೆ ಹಾಡು. ವ ನಮ್ಮಲ್ಲಿ ಬ: ವಾಯ್ ಎಂದರೆ ಬಾಯಿ. ಕೊನೆಯ ಐ ನಮ್ಮಲ್ಲಿ ಎ: ತಲೈ ಎಂದರೆ ತಲೆ, ಮೞೈ ಎಂದರೆ ಮಳೆ. ಈಗ ಎರಡನೇ ಪಾಶುರದ "ನೆಯ್ಯುಣ್ಣೋಂ ಪಾಲುಣ್ಣೋಂ" ನೋಡಿ. ನೆಯ್ ಅಂದರೆ ತುಪ್ಪ. ನಮ್ಮ ಬೆಣ್ಣೆಯ ಬಾಲದಲ್ಲಿರುವುದೂ ಅದೇ ನೆಯ್. ತುಪ್ಪ ಉಣ್ಣೆವು, ಹಾಲು ಉಣ್ಣೆವು ಅನ್ನುತ್ತಿದ್ದಾರೆ. ವ್ರತ ಹಿಡಿದಿದ್ದಾರೆ ನೋಡಿ, ಕಾಡಿಗೆ ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ, ಚಾಡಿ ಹೇಳುವುದಿಲ್ಲ ಎಂದೂ ಮುಂದೆ ಬರುತ್ತದೆ.

ಆದರೆ ಮೋಸ ಹೋಗುವ ಪದಗಳೂ ಇವೆ. ಶೋಱು ನಮ್ಮ ಸೋರುವುದಲ್ಲ, ಅನ್ನ. ಮೂಡ ಎಂದರೆ ಮೂಡುವುದಲ್ಲ, ಮುಚ್ಚುವಂತೆ. ಗೆರೆ ಎಳೆದ ಮೇಲೆ ಅರ್ಥದ ಪುಸ್ತಕ ತೆಗೆಯಿರಿ ಎನ್ನುವುದು ಇದಕ್ಕೇ.

ಇನ್ನು ಉಚ್ಚಾರ. ಒಳ್ಳೆಯ ಕನ್ನಡ ಲಿಪಿಯ ಪುಸ್ತಕದಲ್ಲಿ ೞ ಮತ್ತು ಱ ಇರುತ್ತವೆ. ಇವು ನಮ್ಮದೇ ಅಕ್ಷರಗಳು, ಹಳಗನ್ನಡದ ಜೊತೆ ಬಿಟ್ಟುಬಂದೆವು ಅಷ್ಟೆ. ಮಾರ್ಗೞಿ (ಧನುರ್ಮಾಸದ ತಮಿಳು ಹೆಸರು) ಅನ್ನುವಾಗ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಆದರೆ ಅಂಗುಳಕ್ಕೆ ತಾಗಿಸಬೇಡಿ. ತಾಗಿದರೆ ಳ ಆಗುತ್ತದೆ. ಎಲ್ಲ ಕಡೆ ಬರೀ ಳ ಅಚ್ಚಾಗಿರುವ ಪುಸ್ತಕ ಸಿಕ್ಕಿದ್ದರೆ, ತಿಳಿದವರ ಪಕ್ಕ ಕೂತು ೞ ಬರುವ ಜಾಗಕ್ಕೆಲ್ಲ ಗುರುತು ಹಾಕಿಕೊಳ್ಳಿ, ಒಂದು ಮಧ್ಯಾಹ್ನದ ಕೆಲಸ.

ಸಂಸ್ಕೃತ ಎಲ್ಲಿ ಬರುತ್ತದೆ ಅಂತ ಕೇಳಬಹುದು. ಶುರುವಿನಲ್ಲೇ ಬರುತ್ತದೆ. ಪಾಶುರಕ್ಕೆ ಮೊದಲು ತನಿಯನ್, ಅಂದರೆ ಹಾಡಿದವರನ್ನು ನೆನೆಯುವ ಬಿಡಿ ಪದ್ಯಗಳನ್ನು ಹೇಳಬೇಕು. ಅದರಲ್ಲಿ ಮೊದಲನೆಯದು ಪರಾಶರ ಭಟ್ಟರ ಸಂಸ್ಕೃತ ಶ್ಲೋಕ, "ನೀಳಾತುಂಗ" ಎಂದು ಶುರುವಾಗುತ್ತದೆ. ಆಮೇಲಿನ ಎರಡು ಉಯ್ಯಕ್ಕೊಂಡಾರ್ ಬರೆದ ತಮಿಳು ಪದ್ಯ. ಶ್ಲೋಕದಲ್ಲಿ ಮಹಾಪ್ರಾಣ ಸ್ಪಷ್ಟವಾಗಿರಲಿ. ತಮಿಳಿಗೆ ಬಂದಾಗ ಆ ಅಭ್ಯಾಸ ಬಿಡಿ, ಆ ಭಾಷೆಯಲ್ಲಿ ಮಹಾಪ್ರಾಣವೇ ಇಲ್ಲ. ಒಂಬತ್ತನೇ ಪಾಶುರದಲ್ಲಿ ಮಾಧವ, ವೈಕುಂಠ ಎರಡೂ ಹೆಸರು ಬರುತ್ತವೆ, ಆದರೆ ಮಾದವನ್, ವೈಗುಂದನ್ ಆಗಿ. ಅಚ್ಚಿನ ತಪ್ಪು ಎಂದು ತಿದ್ದಲು ಹೋಗಬೇಡಿ. ಅದು ಆಂಡಾಳ್ ಕರೆದ ರೀತಿ.

ದಯವಿಟ್ಟು ಒಂದು ಮಾತು ಮನಸ್ಸಿಗೆ ತೆಗೆದುಕೊಳ್ಳಿ. ಸಂಸ್ಕೃತ ಮಂತ್ರ ಮುಖ್ಯ, ತಮಿಳು ಸುಮ್ನೆ ಭಜನೆ ಥರ ಎಂದುಕೊಂಡು ಬರುವವರು ಜಾಸ್ತಿ, ನಾನೂ ಹಾಗೇ ಅಂದುಕೊಂಡಿದ್ದೆ. ಶ್ರೀವೈಷ್ಣವರಲ್ಲಿ ಎರಡೂ ವೇದವೇ, ಉಭಯ ವೇದಾಂತ ಎನ್ನುವುದು ಅದಕ್ಕೇ. ಉತ್ಸವದಲ್ಲಿ ಗಮನಿಸಿ ನೋಡಿ. ದೇವರ ಮುಂದೆ ದಿವ್ಯಪ್ರಬಂಧದ (ಆೞ್ವಾರರೆಂಬ ವಿಷ್ಣುಭಕ್ತ ಕವಿಗಳ ತಮಿಳು ಪಾಶುರಗಳ ಸಂಗ್ರಹ, ತಿರುಪ್ಪಾವೈಯೂ ಅದರಲ್ಲೇ ಇದೆ) ಗೋಷ್ಠಿ ಹೋಗುತ್ತದೆ, ವೇದ ಹೇಳುವವರು ಹಿಂದೆ ಬರುತ್ತಾರೆ. ಮೇಲುಕೋಟೆಗೆ ಹೋದವರು ಇದನ್ನು ಕಂಡಿರುತ್ತೀರಿ. ತಿರುಮಲದಲ್ಲೂ ಧನುರ್ಮಾಸದಲ್ಲಿ ಬೆಳಗಿನ ಸಂಸ್ಕೃತ ಸುಪ್ರಭಾತದ ಬದಲು ತಿರುಪ್ಪಾವೈಯನ್ನೇ ಹೇಳುತ್ತಾರೆ. ನಮ್ಮ ತಲೆಯ ಮೇಲೆ ಇಡುವ ಶಠಾರಿ ಇದೆಯಲ್ಲ, ದೇವರ ಪಾದವಿರುವ ಆ ಕಿರೀಟವನ್ನು ಆೞ್ವಾರರಲ್ಲೊಬ್ಬರಾದ ನಮ್ಮಾೞ್ವಾರ್ ಎಂದೇ ಭಾವಿಸುತ್ತಾರೆ. ಶಠಾರಿ ಅವರದೇ ಹೆಸರು. 1102 ಪಾಶುರಗಳ ತಿರುವಾಯ್ಮೊೞಿ ಹಾಡಿದವರು ಅವರು. ಇದು ಗೊತ್ತಾದ ಮೇಲೆ ತಲೆ ಬಾಗುವಾಗ ನನಗೆ ಪ್ರತಿಸಲ ಮೈ ಜುಮ್ಮೆನ್ನುತ್ತದೆ.

ದೇವಸ್ಥಾನದಲ್ಲಿ ಮೊದಲ ವಾರ ಬರೀ ಕೇಳಿ. ಗೋಷ್ಠಿಯಲ್ಲಿ ಯಾರು ಸೇರಬಹುದು, ಎಲ್ಲಿ ಕೂರಬೇಕು ಎನ್ನುವುದು ಒಂದೊಂದು ಕಡೆ ಒಂದೊಂದು ಥರ, ಅಲ್ಲಿನವರನ್ನೇ ಕೇಳಿಬಿಡಿ. ಹಲವು ಕಡೆ ಆ ದಿನದ ಪಾಶುರವನ್ನು ಎರಡು ಸಲ ಹೇಳುತ್ತಾರೆ, ನೀವು ದನಿಗೂಡಿಸಲು ಅದೇ ಒಳ್ಳೆಯ ಜಾಗ. ಸಾಲು ತಪ್ಪಿದರೆ ಹೆದರಬೇಡಿ, "ಎಂಬಾವಾಯ್" ಬಂದಾಗ ಮತ್ತೆ ಸೇರಿಕೊಳ್ಳಿ, ಎಲ್ಲ ಪಾಶುರವೂ ಅಲ್ಲಿಗೇ ಬಂದು ನಿಲ್ಲುತ್ತದೆ.

27ನೇ ದಿನಕ್ಕೆ ಮಾತ್ರ ಮನೆಯಲ್ಲಿ ಮೊದಲೇ ತಯಾರಿ ಇರಲಿ. ಅದು "ಕೂಡಾರೈ ವೆಲ್ಲುಂ" ಪಾಶುರದ ದಿನ. ಎರಡನೇ ದಿನ ಹಾಲು ತುಪ್ಪ ಬಿಟ್ಟಿದ್ದ ಹುಡುಗಿಯರು ಅವತ್ತು ಹಾಲನ್ನ ಕೇಳುತ್ತಾರೆ. ಅನ್ನ ಮುಚ್ಚುವಷ್ಟು ತುಪ್ಪ ಸುರಿದು, ಅದು "ಮುೞಂಗೈ ವೞಿವಾರ", ಅಂದರೆ ಮೊಣಕೈವರೆಗೂ ಇಳಿಯಬೇಕಂತೆ. ಅಕ್ಕಾರವಡಿಶಿಲ್ ಎಂಬ ಸಿಹಿ ಅನ್ನ ಮಾಡುವುದು ಇದಕ್ಕಾಗಿಯೇ. ಅಕ್ಕಿಯನ್ನು ಹಾಲಿನಲ್ಲೇ ಚೆನ್ನಾಗಿ ಮೆತ್ತಗೆ ಬೇಯಿಸಿ, ಬೆಲ್ಲದ ಪಾಕ ಹಾಕಿ, ಕಡೆಗೆ ತುಪ್ಪ. ತುಪ್ಪ ಹಾಕುವಾಗ ಆ ಸಾಲನ್ನು ಬಾಯಿಬಿಟ್ಟು ಹೇಳಿ. ಮತ್ತೆ ಚಮಚದಲ್ಲಿ ಅಳೆಯಬೇಡಿ.