ಗರಸು ನೆಲದ ಸಂಪಿಗೆ

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಸಂಪಿಗೆಯನ್ನು ಯಾರೂ ಬೆಳೆಸುವುದಿಲ್ಲ, ಅದೇ ಬೆಳೆದುಕೊಳ್ಳುತ್ತದೆ. ಹಾಗಾಗಿ 2015ರಲ್ಲಿ ಚಿತ್ರದುರ್ಗದ ನಮ್ಮ ಹಿತ್ತಿಲಿಗೆ ಕೆಂಡಸಂಪಿಗೆ ಸಸಿ ತಂದಾಗ ಇದೇನು ಮಹಾ ಎಂದುಕೊಂಡಿದ್ದೆ. ನರ್ಸರಿಯವನು "ಕಸಿ ಗಿಡ ಅಮ್ಮಾ, ಮೂರನೇ ವರ್ಷಕ್ಕೆ ಹೂ" ಎಂದಿದ್ದ. ಗುಂಡಿ ತೋಡಲು ಬಂದ ಆಳು ಒಂದೂವರೆ ಅಡಿಗೇ ಹಾರೆ ಕೆಳಗಿಟ್ಟ. ಅಲ್ಲಿಂದಾಚೆಗೆ ಬರೀ ಗರಸು. ನಮ್ಮತ್ತೆ ಕಟ್ಟೆಯ ಮೇಲೆ ಕುಳಿತು, "ಇದು ನಿನ್ನ ಮಲೆನಾಡಲ್ಲಮ್ಮ" ಎಂದರು.

ಮೂರನೇ ವರ್ಷಕ್ಕೆ ಬಂದದ್ದು ಹೂವಲ್ಲ, ಹಳದಿ. ಹಳೆಯ ಎಲೆಗಳು ಚೆನ್ನಾಗಿಯೇ ಇದ್ದವು. ಹೊಸ ಚಿಗುರು ಮಾತ್ರ ನಿಂಬೆಹಣ್ಣಿನ ಬಣ್ಣ, ಅದರ ಮೇಲೆ ಹಸಿರು ಪೆನ್ನಿನಿಂದ ಗೆರೆ ಎಳೆದಂತೆ ನರಗಳು. ಪಾಪ ಹಸಿದಿದೆ ಎಂದು ಕೊಟ್ಟಿಗೆ ಗೊಬ್ಬರ ಸುರಿದೆ, ಬೋರ್‌ವೆಲ್ ನೀರನ್ನು ದುಪ್ಪಟ್ಟು ಹಾಕಿದೆ. ಗಿಡ ಇನ್ನಷ್ಟು ಬಿಳಿಚಿಕೊಂಡಿತು.

ಕಾರಣ ಹೊಳೆದದ್ದು ಬಚ್ಚಲಲ್ಲಿ. ಹಂಡೆಯ ತಳಕ್ಕೆ ಕಚ್ಚಿದ ಬಿಳಿ ಪೊರೆಯನ್ನು ಚಾಕುವಿನಿಂದ ಕೆರೆಯುತ್ತಿದ್ದೆ. ಅದೇ ಬಿಳುಪನ್ನು ಸಂಪಿಗೆಯ ಬುಡದಲ್ಲೂ ಕಂಡಿದ್ದೆನಲ್ಲ! ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿದೆ. ರಸಸಾರ (ಪಿಎಚ್) 8.4, ಅಂದರೆ ಕ್ಷಾರ ಮಣ್ಣು. ಸಂಪಿಗೆಗೆ ಬೇಕಾದದ್ದು ತುಸು ಹುಳಿ ಮಣ್ಣು. ಇಂಥ ಸುಣ್ಣದ ನೆಲದಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಗಡಸು ನೀರು ಹಾಕಿ ಹಾಕಿ ನಾನೇ ಅದನ್ನು ಇನ್ನಷ್ಟು ಕೆಡಿಸಿದ್ದೆ.

ಕೋಟೆಯ ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಜೋಪಾನ ಮಾಡಿದ ಊರು ಇದು. ಸಿಹಿನೀರು ಹೊಂಡದ ಪಕ್ಕದಲ್ಲೇ ಓಡಾಡುತ್ತಿದ್ದ ನನಗೆ ಆ ಹೆಸರಿನ ಅರ್ಥ ತಲೆಗೆ ಹೋಗಲು ನಾಲ್ಕು ವರ್ಷ ಬೇಕಾಯಿತು. ತಗಡಿನ ಮಾಡಿಗೆ ಮಳೆನೀರು ಇಳಿಯುವ ದೋಣಿ ಕಟ್ಟಿಸಿ, ಇನ್ನೂರು ಲೀಟರಿನ ಎರಡು ಡ್ರಮ್ಮು ಇಟ್ಟೆ. ಒಂದು ಜೋರು ಮಳೆಗೆ ಎರಡೂ ತುಂಬುತ್ತವೆ. ಸಂಪಿಗೆಗೆ ಆ ನೀರು ಮಾತ್ರ. ಬುಡಕ್ಕೆ ಚಳ್ಳಕೆರೆಯಿಂದ ತರಿಸಿದ ಶೇಂಗಾ ಸಿಪ್ಪೆಯ ಹೊದಿಕೆ.

ಕಬ್ಬಿಣದ ಲವಣವಾದ ಅನ್ನಭೇದಿಯನ್ನು ಮೊದಲು ಬುಡಕ್ಕೇ ಹಾಕಿ ದುಡ್ಡು ಕಳೆದುಕೊಂಡೆ. ಆ ಮಣ್ಣು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಲೀಟರಿಗೆ ಐದು ಗ್ರಾಂ ಕರಗಿಸಿ, ಅರ್ಧ ಹೋಳು ನಿಂಬೆ ಹಿಂಡಿ, ಸಂಜೆ ಹೊತ್ತು ಎಲೆಯ ಎರಡೂ ಬದಿಗೆ ಸಿಂಪಡಿಸಿದೆ. ಹದಿನೈದು ದಿನಕ್ಕೊಮ್ಮೆ, ಮೂರು ಸಲ. ಮುಂದಿನ ಚಿಗುರು ಹಸಿರಾಗಿ ಬಂತು.

ಹೂ ಮಾತ್ರ ಇಲ್ಲ. ಒಂದು ದಿನ ಬುಡ ಬಿಡಿಸಿ ನೋಡಿದರೆ ಕಾಂಡದಲ್ಲಿ ಕಸಿಯ ಗಂಟೇ ಇಲ್ಲ! ಬೀಜದ ಗಿಡವನ್ನು ಕಸಿಯ ಬೆಲೆಗೆ ಕೊಂಡಿದ್ದೆ. ಬೀಜದ ಸಂಪಿಗೆ ಹೂ ಬಿಡಲು ಎಂಟು ಹತ್ತು ವರ್ಷ ಬೇಕು. "ಕಡಿದು ನಿಂಬೆ ಹಾಕೋಣ" ಎಂದರು ಮನೆಯವರು. ಇಷ್ಟು ದಿನ ನೀರು ಹೊತ್ತವಳು ನಾನು, ಕಡಿಯಲು ಬಿಡುತ್ತೇನೆಯೇ?

2022ರಲ್ಲಿ ಮಳೆಯೋ ಮಳೆ. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ನನ್ನ ಗಿಡವೂ ತಾರಸಿ ದಾಟಿತು. ಮರುವರ್ಷ ಮೂರು ಮೊಗ್ಗು. ಆಷಾಢದ ಗಾಳಿಗೆ ಮೂರೂ ಉದುರಿದವು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಆ ಗಾಳಿಗೆ ನಾನು ಬೈದಷ್ಟು ನರ್ಸರಿಯವನಿಗೂ ಬೈದಿಲ್ಲ. ಪಡುವಣ ಬದಿಗೆ ಎತ್ತರದ ಗಳು ನೆಟ್ಟು ನೆರಳು ಪರದೆ ಕಟ್ಟಿದೆ.

2024ರ ಶ್ರಾವಣದಲ್ಲಿ ತಾರಸಿಯ ಅಂಚಿಗೆ ಬಾಗಿದ ಕೊಂಬೆಯೊಂದರ ಎಲೆಯ ಕಂಕುಳಲ್ಲಿ ಕಿರುಬೆರಳ ತುದಿಯಷ್ಟು ಮೊಗ್ಗು. ಮೈತುಂಬ ನವಿರು ರೋಮದ ಸಿಪ್ಪೆ. ಕೆಲವು ದಿನಗಳಲ್ಲಿ ಅದು ಒಂದು ಬದಿಗೆ ಬಿರಿದು ಟೋಪಿಯಂತೆ ಕಳಚಿತು. ಒಳಗಿನ ಎಸಳು ಮೊದಲು ತಿಳಿಹಳದಿ, ಸಂಜೆಯ ಹೊತ್ತಿಗೆ ಕೆಂಡದ ಬಣ್ಣ. ನಾನು ಕಿತ್ತು ತಂದುಕೊಟ್ಟಾಗ ಅತ್ತೆ ಕಣ್ಣು ಮುಚ್ಚಿ ಮೂಸಿದರು, ತುರುಬಿಗೆ ಸಿಕ್ಕಿಸಿಕೊಂಡರು. ಮಲೆನಾಡಿನ ಮಾತೇ ಎತ್ತಲಿಲ್ಲ. "ದೇವರಿಗೆ ಇನ್ನೊಂದು ಎಲ್ಲಿ?" ಎಂದರು.

ಇನ್ನೊಂದು ಇತ್ತು, ತುತ್ತತುದಿಯಲ್ಲಿ. ಅದಕ್ಕೆ ದೋಟಿ ಮಾಡಿಸಬೇಕಾಯಿತು.