ಮುಟ್ಟಿನ ದಿನವೂ ಕ್ಲಾಸಿದೆ, ಗೋಡೆ ಸಾಲಿಗೆ ಬನ್ನಿ

ಹೆಂಗಸರ ಯೋಗ ಕ್ಲಾಸು ನಡೆಸುವವರಿಗೆಲ್ಲ ಈ ಪಾಡು ಗೊತ್ತು. ಮುಟ್ಟಾಯಿತು ಅಂತ ನಾಲ್ಕು ದಿನ ಬಿಡುತ್ತಾರೆ. ಐದನೇ ದಿನ ತಲೆಸ್ನಾನ, ಆರನೇ ದಿನ ನೆಂಟರು, ಏಳನೇ ದಿನ ಚಳಿ. ಆಮೇಲೆ ಕೆಲವರು ಬರುವುದೇ ಇಲ್ಲ. ಬಂದವರು 'ಮೇಡಂ, ಒಂದು ವಾರ ಬಂದಿಲ್ವಲ್ಲ, ಫೀಸು ಸ್ವಲ್ಪ ಕಡಿಮೆ ಮಾಡ್ಕೊಳ್ಳಿ' ಅನ್ನುತ್ತಾರೆ. ಹಾಸನದಲ್ಲಿ ನನ್ನ ಬೆಳಗಿನ ಬ್ಯಾಚಿಗೆ ತಿಂಗಳಿಗೆ 800 ರೂಪಾಯಿ. ಹಾಲ್ ಬಾಡಿಗೆ ಆರು ಸಾವಿರದ ಆಸುಪಾಸು. ಹೀಗೆ ಬಿಟ್ಟುಕೊಟ್ಟ ಫೀಸನ್ನೆಲ್ಲ ಕೂಡಿಸಿದರೆ ವರ್ಷಕ್ಕೆ ಎರಡು ತಿಂಗಳ ಬಾಡಿಗೆ ಬರುತ್ತಿತ್ತೇನೋ.

ಈಗ ಹಾಗಿಲ್ಲ. ಆ ದಿನಗಳಲ್ಲೂ ಮುಕ್ಕಾಲು ಪಾಲು ಜನ ಬರುತ್ತಾರೆ, ಒಂದು ಗಂಟೆ ಮಲಗಿ ಎದ್ದು ಹೋಗುತ್ತಾರೆ. ಇದು ನಡೆಯೋದಿಲ್ಲ ಅಂದವರು ಬಹಳ ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಕಲಿತದ್ದು ಅಷ್ಟಾಂಗ ವಿನ್ಯಾಸ, ಉಸಿರಿಗೆ ತಕ್ಕ ಹಾಗೆ ಒಂದರ ಹಿಂದೆ ಒಂದು ಆಸನ ಮಾಡುವ ಜೋರು ಪದ್ಧತಿ. ಅಲ್ಲಿ ಮುಟ್ಟಿನ ಮೊದಲ ಮೂರು ದಿನ ಅಭ್ಯಾಸವೇ ಇಲ್ಲ, 'ಲೇಡೀಸ್ ಹಾಲಿಡೇ' ಅಂತಲೇ ಕರೆಯುತ್ತಾರೆ. ಆ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿದ ಪಟ್ಟಾಭಿ ಜೋಯಿಸರು 1915 ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಕೌಶಿಕದಲ್ಲಿ. ಹಾಗಾಗಿ ಈ ಊರಲ್ಲಿ ಆ ಮಾತಿಗೆ ತೂಕ ಜಾಸ್ತಿ. ಊರಿನ ಹಿರಿಯ ಶಿಕ್ಷಕರೊಬ್ಬರು 'ನಿಯಮ ಮುರಿದು ದುಡ್ಡು ಮಾಡ್ತಿದ್ದೀಯಲ್ಲಮ್ಮ' ಅಂತ ನೇರವಾಗಿಯೇ ಅಂದರು. ಹಾರಿ ಕೂರುವ ಅಭ್ಯಾಸಕ್ಕೆ ರಜಾ ಬೇಕೇ ಬೇಕು, ನಾನೂ ಒಪ್ಪುತ್ತೇನೆ. ಆದರೆ ಕ್ಲಾಸಿಗೆ ರಜಾ ಹಾಕಿ ಮನೆಯಲ್ಲಿ ಉಳಿದವಳಿಗೆ ರಜಾ ಎಲ್ಲಿದೆ? ಮುದ್ದೆ ತೊಳಸುವುದು ತಪ್ಪುತ್ತದಾ? ಬಿ.ಕೆ.ಎಸ್. ಅಯ್ಯಂಗಾರ್ ಯೋಗ ಪದ್ಧತಿಯವರು ದಿಂಬು, ಕುರ್ಚಿ, ಕಂಬಳಿ ಕೊಟ್ಟು ಮಲಗಿಸುತ್ತಾರೆ. ನಾನು ಆ ಕಡೆ ವಾಲಿದೆ.

ಮೊದಲು ಮನೆಯಲ್ಲೇ ಮಾಡಲಿ ಅಂತ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು, ಯಾರೂ ಮಾಡಲಿಲ್ಲ. ಚಾಪೆ ಹಾಸಿ ಮಲಗಿದರೆ ಕುಕ್ಕರ್ ಕೂಗುತ್ತೆ, ಮಗು ಬಂದು ಹೊಟ್ಟೆ ಮೇಲೆ ಕೂರುತ್ತೆ, ಅತ್ತೆ 'ಹುಷಾರಿಲ್ವೇನಮ್ಮ' ಅಂತಾರೆ. ಆಮೇಲೆ ಸಂಜೆ ಬೇರೆ ಬ್ಯಾಚೇ ಮಾಡಿದೆ. ಒಂದು ದಿನ ಇಬ್ಬರು, ಇನ್ನೊಂದು ದಿನ ಯಾರೂ ಇಲ್ಲ. ಸಂಜೆ ಬಾಡಿಗೆ ಬೇರೆ ಎರಡು ಸಾವಿರ ಚಿಲ್ಲರೆ. ಮೂರು ತಿಂಗಳಿಗೆ ಮುಚ್ಚಿದೆ. ಆಮೇಲೆ ಬೆಳಗಿನ ಕ್ಲಾಸಿನಲ್ಲೇ ಒಂದು ಮೂಲೆ ಬಿಟ್ಟುಕೊಟ್ಟೆ. ಅದು ಎಲ್ಲಕ್ಕಿಂತ ಕೆಟ್ಟದಾಯಿತು. ಆ ಮೂಲೆಗೆ ಹೋದವಳನ್ನು ಎಲ್ಲರೂ ತಿರುಗಿ ನೋಡುತ್ತಿದ್ದರು. ಅರಸೀಕೆರೆ ಕಡೆಯ ಒಬ್ಬರು 'ಊರಲ್ಲಿ ಹೊರಗೆ ಕೂರಿಸ್ತಾರೆ, ಇಲ್ಲೂ ಮೂಲೆಗೆ ಕೂರಿಸ್ತೀರಲ್ಲ ಮೇಡಂ' ಅಂದರು. ಮಾರನೇ ತಿಂಗಳು ಅವರು ಬರಲೇ ಇಲ್ಲ.

ಕೆಲಸ ಮಾಡಿದ್ದು ಗೋಡೆ ಸಾಲು. ಹಿಂದಿನ ಗೋಡೆಗೆ ಆನಿಸಿ ಏಳು ಚಾಪೆ, ಒಂದೊಂದಕ್ಕೂ ಒಂದು ದಿಂಬು. ಮಂಡಿ ನೋವಿನವರು, ಬಿ.ಪಿ. ಇರುವವರು, ರಾತ್ರಿ ನಿದ್ದೆಗೆಟ್ಟವರು, ಸುಮ್ನೆ ಬೇಜಾರಾದವರು, ಯಾರು ಬೇಕಾದರೂ ಅಲ್ಲಿ ಮಲಗಬಹುದು. ಕಾರಣ ಹೇಳಬೇಕಿಲ್ಲ, ನಾನೂ ಕೇಳುವುದಿಲ್ಲ. ಮೊದಲ ವಾರಗಳಲ್ಲಿ ಮುಟ್ಟು ನಿಂತು ವರ್ಷಗಳಾದ ಇಬ್ಬರು ಹಿರಿಯರಿಗೆ ಹೇಳಿ ಬೇಕಂತಲೇ ಅಲ್ಲಿ ಮಲಗಿಸಿದೆ. ಅವರನ್ನು ನೋಡಿ ಉಳಿದವರಿಗೆ ಧೈರ್ಯ ಬಂತು. ಫೀಸು ಕಡಿಮೆ ಮಾಡಿ ಅನ್ನುವ ಮಾತು ತಾನಾಗಿಯೇ ನಿಂತುಹೋಯಿತು.

ದಿಂಬಿನ ಖರ್ಚು ಹೇಳಲೇಬೇಕು. ಆನ್‌ಲೈನಿನಲ್ಲಿ ಒಂದಕ್ಕೆ ಎರಡು ಸಾವಿರದ ಹತ್ತಿರ ಇತ್ತು. ಹಾಸಿಗೆ ಅಂಗಡಿಯವರಿಗೆ ಎರಡೂಕಾಲು ಅಡಿ ಉದ್ದ, ಒಂಬತ್ತು ಇಂಚು ದಪ್ಪ ಅಂತ ಹೇಳಿ ಬೂರುಗದ ಹತ್ತಿ ತುಂಬಿಸಿದೆ. ಆರುನೂರೈವತ್ತಕ್ಕೆ ಬಂತು. ಆರು ತಿಂಗಳಲ್ಲಿ ಚಪ್ಪಟೆ. ಈಗ ಮಾಮೂಲಿ ಹತ್ತಿಯನ್ನೇ ಒದ್ದು ತುಂಬಿಸುತ್ತೇನೆ. ಭಾರ ಜಾಸ್ತಿ, ಆದರೆ ಅಲುಗಾಡುವುದಿಲ್ಲ. ನಡುವೆ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಕ್ಯೂರಿಂಗ್ ವರ್ಕ್ಸ್‌ನಿಂದ ಒಂದು ಮೂಟೆ ಕಾಫಿ ಹೊಟ್ಟು ತರಿಸಿ ದಿಂಬಿಗೆ ತುಂಬಿಸಿದೆ. ಬಿಟ್ಟಿ ಸಿಗುತ್ತಲ್ಲ ಅಂತ. ಹೊರಳಿದರೆ ಸಾಕು, ಬರಬರ ಸದ್ದು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ನಮ್ಮನೆಯವರು 'ಗೊಬ್ಬರಕ್ಕೆ ಹಾಕು' ಅಂದರು, ಹಾಕಿದೆ. ಆ ವರ್ಷ ಗುಲಾಬಿ ಚೆನ್ನಾಗಿ ಬಿಟ್ಟಿತು.

ಕೈ ಹಿಡಿದದ್ದು ರಾಗಿ. ದಪ್ಪ ಕಾಟನ್ ಬಟ್ಟೆಯ ಗೇಣುದ್ದದ ಚೀಲಕ್ಕೆ ಅರ್ಧ ಕೆಜಿ ರಾಗಿ. ಬಾಣಲೆಯಲ್ಲಿ ರಾಗಿ ಬಿಸಿ ಮಾಡಿ ತುಂಬಿ ಕಿಬ್ಬೊಟ್ಟೆ ಮೇಲೆ ಇಟ್ಟರೆ ಕಾಲು ಗಂಟೆ ಬಿಸಿ ನಿಲ್ಲುತ್ತೆ. ಮೊದಲು ಒಳಮುಂಗೈಗೆ ಇಟ್ಟು ನೋಡಿ, ಚುರುಕ್ ಅಂದರೆ ಆರಲು ಬಿಡಿ. ಉಪ್ಪಿನ ಶಾಖವನ್ನೂ ನೋಡಿದೆ, ಅದು ತೇವ ಎಳೆದು ಚೀಲ ಅಂಟಂಟು. ರಾಗಿ ಜೊತೆ ನಾನು ಇನ್ನೂ ಒಂದು ಸೇರಿಸುತ್ತೇನೆ. ಅದನ್ನು ಬರೆಯುವುದಿಲ್ಲ, ಕ್ಲಾಸಿಗೆ ಬಂದು ಮೂಸಿ ನೋಡಿ.

ಇನ್ನು ಆಸನ. ಮೊದಲು ಸುಪ್ತ ಬದ್ಧಕೋಣಾಸನ, ಅಂದರೆ ಅಂಗಾಲು ಜೋಡಿಸಿ, ಮಂಡಿ ಅಗಲಿಸಿ ಅಂಗಾತ ಮಲಗುವುದು. ದಿಂಬು ಸೊಂಟಕ್ಕೆ ತಾಗಿ ಉದ್ದಕ್ಕೆ, ಹಣೆ ಗಲ್ಲಕ್ಕಿಂತ ಮೇಲಿರುವ ಹಾಗೆ ತಲೆಗೆ ಕಂಬಳಿ, ಪಾದ ಹಿಡಿದಿಡುವ ಬೆಲ್ಟಿನ ಬದಲು ಹಳೇ ಸೀರೆ. ಬಹಳ ಜನ ಮಂಡಿ ಕೆಳಗೆ ಏನೂ ಕೊಡುವುದಿಲ್ಲ. ಮಂಡಿ ಗಾಳಿಯಲ್ಲಿ ನೇತಾಡುತ್ತಿದ್ದರೆ ತೊಡೆಸಂದು ಬಿಗಿ ಬಿಡುವುದೇ ಇಲ್ಲ. ನಾನು ಕಾಲಿನ ಹೆಬ್ಬೆರಳು ನೋಡುತ್ತೇನೆ. ನೋವಿರುವವರ ಹೆಬ್ಬೆರಳು ಒಳಕ್ಕೆ ಮುದುಡಿರುತ್ತೆ. ಎರಡೂ ಮಂಡಿ ಕೆಳಗೆ ಟವೆಲ್ ಮಡಿಸಿ ಇಡಿ, ಸಾಲದಿದ್ದರೆ ಇನ್ನೊಂದು ಮಡಿಕೆ ಏರಿಸಿ. ನಾಲ್ಕೈದು ಉಸಿರಿನಲ್ಲಿ ಆ ಬೆರಳು ಬಿಚ್ಚಿಕೊಳ್ಳುತ್ತೆ, ಆಮೇಲೆ ಕಿಬ್ಬೊಟ್ಟೆ ಸಡಿಲ ಆಗುತ್ತೆ. ಹತ್ತು ನಿಮಿಷ ಹಾಗೇ ಬಿಟ್ಟುಬಿಡಿ, ಮಾತಾಡಿಸಬೇಡಿ.

ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ಕೂರುವ ಉಪವಿಷ್ಟ ಕೋಣಾಸನ, ಒಂದು ಕಾಲು ಮಡಿಸಿ, ಮುಂದೆ ಬಾಗಿ ಕುರ್ಚಿಗೆ ಹಣೆ ಇಟ್ಟು ಜಾನುಶೀರ್ಷಾಸನ, ಮಂಡಿಯೂರಿ ದಿಂಬಿನ ಮೇಲೆ ಬೋರಲಾಗುವ ಬಾಲಾಸನ. ಕೊನೆಗೆ ಮೀನಖಂಡ ಕುರ್ಚಿ ಮೇಲಿಟ್ಟು ಶವಾಸನ. ಶೀರ್ಷಾಸನ, ಸರ್ವಾಂಗಾಸನ, ನೌಕಾಸನ, ಜೋರು ತಿರುವು, ಹೊಟ್ಟೆ ಒತ್ತಿ ಉಸಿರು ಬಿಡುವ ಕಪಾಲಭಾತಿ, ಹೊಟ್ಟೆ ಬಿಗಿಹಿಡಿಯುವ ಬಂಧ, ಇವೆಲ್ಲ ಬಿಟ್ಟಿದ್ದೇನೆ. ತಲೆಕೆಳಗಾದರೆ ರಕ್ತ ವಾಪಸ್ ಹೋಗಿ ರೋಗ ಬರುತ್ತೆ ಅಂತ ಹೆದರಿಸುವವರಿದ್ದಾರೆ. ಸುಮಾರು ಹೆಂಗಸರಲ್ಲಿ ನೆಟ್ಟಗೆ ನಿಂತಿದ್ದಾಗಲೂ ಸ್ವಲ್ಪ ಹಿಂದಕ್ಕೆ ಹೋಗೇ ಹೋಗುತ್ತೆ, ಆಸನದಿಂದ ರೋಗ ಬಂದಿದ್ದಕ್ಕೆ ಪುರಾವೆ ಇಲ್ಲ. ಆ ದಿನ ತಲೆ, ಹೊಟ್ಟೆ ಭಾರ ಅನ್ನುತ್ತಾರೆ, ಅದಕ್ಕೆ ಬಿಟ್ಟೆ ಅಷ್ಟೇ. ಮೂರನೇ ದಿನಕ್ಕೆ ಕ್ರಮ ಬದಲಿಸುತ್ತೇನೆ, ಅದು ನನ್ನ ಬ್ಯಾಚಿಗೆ ಮಾತ್ರ.

ಎಲ್ಲ ನೋವನ್ನೂ ದಿಂಬು ಹೊರುವುದಿಲ್ಲ. ಗಂಟೆಗೊಂದು ಪ್ಯಾಡ್ ಒದ್ದೆಯಾದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ ಡಾಕ್ಟರ ಹತ್ತಿರ ಕಳಿಸಿ. ನಾನು ಹಾಗೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಕಳಿಸಿದ ಒಬ್ಬರಿಗೆ ಸ್ಕ್ಯಾನಿನಲ್ಲಿ ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗೆಡ್ಡೆ ಸಿಕ್ಕಿತು. ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ಹೊತ್ತಿಗೆ ದರ್ಶನ ತಪ್ಪಬಾರದು ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗುವವರು ಬೇರೆ. ಪಕ್ಕದ ಮನೆಯವರು ಕೊಟ್ಟ ಮಾತ್ರೆ ನುಂಗಬೇಡಿ, ಡಾಕ್ಟರನ್ನು ಕೇಳಿ ಅಂತ ಪ್ರತಿ ವರ್ಷ ಹೇಳುತ್ತೇನೆ. ಬಲಿಪಾಡ್ಯಮಿ ಮುಗಿದ ಮೇಲೆ ಗುಡಿ ಬಾಗಿಲು ಹಾಕುತ್ತಾರೆ, ಮುಂದೂಡಿದ ಮುಟ್ಟು ಬಂದು ಮುಂದಿನ ವಾರ ಗೋಡೆ ಸಾಲು ಭರ್ತಿ.

ಬ್ಯಾಚಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಮೂವರಿದ್ದಾರೆ. 2025 ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದ ಸುದ್ದಿ ಬಂದಾಗ, 'ರಜಾ ಸಿಕ್ರೆ ನಿಮ್ಮ ಕ್ಲಾಸಿಗೆ ಬಂದು ಮಲಗ್ತೀವಿ ಕಣಕ್ಕ, ಮನೇಲಿದ್ರೆ ಪಾತ್ರೆ ತೊಳೀಬೇಕು' ಅಂದರು. ಅದಕ್ಕೆ ಹನ್ನೊಂದು ಗಂಟೆಗೆ ಹಾಲ್ ಸಿಗುತ್ತಾ ಅಂತ ಕೇಳಿದ್ದೇನೆ. ಮಾಲೀಕರು ಗಂಟೆಗೆ ನೂರೈವತ್ತು ಅನ್ನುತ್ತಿದ್ದಾರೆ, ನಾನು ನೂರಕ್ಕೆ ನಿಂತಿದ್ದೇನೆ.