ಗಂಟೆಗೊಮ್ಮೆ ಎಬ್ಬಿಸುವ ಕೆಲಸ

"ಪಾಪ, ಈಗ ನಿದ್ದೆ ಬಂದದ್ದಷ್ಟೆ, ಮಲಗಲಿ ಬಿಡಿ ಸಿಸ್ಟರ್."

ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಂಗಳೂರಿನ ಒಂದು ಐಸಿಯುನಲ್ಲಿ ನಾನು 11 ವರ್ಷದಿಂದ ಸ್ಟಾಫ್ ನರ್ಸ್. ತಲೆಗೆ ಪೆಟ್ಟು ಬಿದ್ದವರು, ಬಿಪಿ ಏರಿ ಮೆದುಳಲ್ಲಿ ರಕ್ತಸ್ರಾವ ಆದವರು ಇಲ್ಲಿಗೆ ಬರುತ್ತಾರೆ. ಮೊದಲ ರಾತ್ರಿ ಅವರನ್ನು ಗಂಟೆಗೊಮ್ಮೆ ಎಬ್ಬಿಸುವುದು ನನ್ನ ಕೆಲಸ.

ಎಬ್ಬಿಸಿ ಮೂರು ವಿಷಯ ನೋಡುತ್ತೇವೆ. ಕಣ್ಣು ತೆರೆಯುತ್ತಾರಾ, ಅದಕ್ಕೆ ಹೆಚ್ಚೆಂದರೆ 4 ಅಂಕ. ಮಾತು ಸರಿ ಇದೆಯಾ, 5. ಹೇಳಿದ ಹಾಗೆ ಕೈಕಾಲು ಆಡಿಸುತ್ತಾರಾ, 6. ಒಟ್ಟು 15, ತೀರಾ ಕಡಿಮೆ ಅಂದರೆ 3. ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಇದಕ್ಕೇ ಜಿಸಿಎಸ್, ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್, ಅನ್ನುತ್ತೇವೆ. ಗ್ಲಾಸ್ಗೋ ಊರಿನ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ನ್ಯೂರೋಸರ್ಜನ್‌ಗಳು 1974ರಲ್ಲಿ ಕೊಟ್ಟ ಲೆಕ್ಕ. 8 ಅಥವಾ ಅದಕ್ಕಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸುತ್ತಾರೆ.

ಒಂದು ರಾತ್ರಿ ಬೈಕಿಂದ ಬಿದ್ದ ಹುಡುಗನೊಬ್ಬ ಬಂದ. ಹೆಲ್ಮೆಟ್ ಇರಲಿಲ್ಲ. ಸ್ಕ್ಯಾನ್‌ನಲ್ಲಿ ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ತೆಳ್ಳಗೆ ರಕ್ತ ಕಂಡಿತ್ತು, ಅಷ್ಟೇ, ಹಾಗಾಗಿ ಡಾಕ್ಟರು ಕಾದು ನೋಡೋಣ ಅಂದಿದ್ದರು. 1 ಗಂಟೆಗೆ 15. 2 ಗಂಟೆಗೂ 15, ಎಬ್ಬಿಸಿದ್ದಕ್ಕೆ ಗೊಣಗಿದ ಕೂಡ. 3 ಗಂಟೆಗೆ ಕೂಗಿದ ಮೇಲೆ ಕಣ್ಣು ಬಿಟ್ಟ, ಯಾವ ತಿಂಗಳು ಅಂತ ಕೇಳಿದರೆ ತಪ್ಪು ಹೇಳಿದ. 13 ಬರೆದೆ. ಅವನ ಅಮ್ಮ ಮೇಲಿನ ಮಾತು ಹೇಳಿದ್ದು ಆಗಲೇ. ಆ ಹೊತ್ತಲ್ಲಿ ಯಾರಾದರೂ ಮಂಪರಲ್ಲೇ ಇರುತ್ತಾರೆ ಅಲ್ವಾ ಅಂತ ನನಗೂ ಅನ್ನಿಸಿತು. ಪಕ್ಕದ ಬೆಡ್‌ಗೆ ಹೋದೆ. ಆದರೆ ಮನಸ್ಸು ಕೇಳಲಿಲ್ಲ, 10 ನಿಮಿಷಕ್ಕೇ ವಾಪಸ್ ಬಂದೆ. ಈಗ ಹೆಗಲು ಬಲವಾಗಿ ಹಿಂಡಿದರೆ ಮಾತ್ರ ಕಣ್ಣು ತೆರೆದ, ನನ್ನ ಕೈ ತಳ್ಳಿದ, ಮಾತಿಗೆ ಅರ್ಥವೇ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಬಲಗಣ್ಣಿನ ಪಾಪೆ ಎಡದ್ದಕ್ಕಿಂತ ದೊಡ್ಡದು.

ಆಮೇಲೆ ಯಾರೂ ನಿಲ್ಲಲಿಲ್ಲ. ಡಾಕ್ಟರು ಓಡಿ ಬಂದರು, ಮೆದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಡ್ರಿಪ್ ಹೋಯಿತು, ಮತ್ತೆ ಸ್ಕ್ಯಾನ್, ಅಲ್ಲಿಂದ ನೇರ ಆಪರೇಷನ್ ಥಿಯೇಟರ್. ಕಿವಿಯ ಮೇಲಿನ ತೆಳು ಮೂಳೆ ಬಿರಿದು, ಅದರ ಒಳಮೈಯಲ್ಲಿ ಹಾಯುವ ರಕ್ತನಾಳ ಹರಿದಿತ್ತು. ಬುರುಡೆ ಮುಚ್ಚಿದ ಡಬ್ಬಿ ಇದ್ದ ಹಾಗೆ. ಒಳಗೆ ರಕ್ತ ಜಾಸ್ತಿ ಆದರೆ ಸ್ವಲ್ಪ ಹೊತ್ತು ಹೇಗೋ ಹೊಂದಿಕೊಳ್ಳುತ್ತದೆ, ಅದಕ್ಕೇ ರೋಗಿ ಚೆನ್ನಾಗಿ ಮಾತಾಡಿಕೊಂಡಿರುತ್ತಾನೆ. ಜಾಗ ಮುಗಿದ ಕೂಡಲೇ ಮೆದುಳು ಕೆಳಕ್ಕೆ ಒತ್ತುತ್ತದೆ, ಕಣ್ಣಿನ ಪಾಪೆಯನ್ನು ಚಿಕ್ಕದು ಮಾಡುವ ನರ ಅದರ ಅಡಿಗೆ ಸಿಕ್ಕಿಕೊಳ್ಳುತ್ತದೆ. ಪಾಪೆ ದೊಡ್ಡದಾಗಿದ್ದು ಅದಕ್ಕೇ.

ಹುಡುಗ ಬದುಕಿದ. ಆದರೆ ಆ 10 ನಿಮಿಷ ನಾನು ಈಗಲೂ ಮರೆತಿಲ್ಲ. 15 ಇದ್ದದ್ದು 13 ಆದಾಗಲೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಅಂದಿನಿಂದ ಎರಡು ಅಂಕ ಇಳಿದರೆ ಕಾರಣ ಹುಡುಕುತ್ತಾ ಕೂರುವುದಿಲ್ಲ, ಮೊದಲು ಕರೆಯುತ್ತೇನೆ. ಡಾಕ್ಟರು ಬರುವಷ್ಟರಲ್ಲಿ ಶುಗರ್, ಬಿಪಿ, ಆಕ್ಸಿಜನ್ ನೋಡಿಟ್ಟಿರುತ್ತೇನೆ. ತಲೆಯ ಕಡೆ ಬೆಡ್ 30 ಡಿಗ್ರಿ ಎತ್ತಿ, ಕತ್ತು ನೆಟ್ಟಗೆ ಇಡುತ್ತೇನೆ. ಬಿಪಿ ಏರುತ್ತಾ ನಾಡಿ ನಿಧಾನ ಆಗುತ್ತಿದ್ದರೆ ಅದು ತುಂಬಾ ಕೆಟ್ಟ ಸೂಚನೆ.

ಇನ್ನೊಂದೆರಡು ವಿಷಯ ಕೆಲಸ ಮಾಡುತ್ತಲೇ ಕಲಿತೆ. "ಕೈ ಹಿಡಿಯಿರಿ" ಅಂತ ಹೇಳಿ ಹಿಡಿದರೆ ಸಾಲದು, ಪ್ರಜ್ಞೆ ಇಲ್ಲದವರೂ ಅಂಗೈಗೆ ಬೆರಳು ತಾಗಿದರೆ ಹಿಡಿಯಬಹುದು. ಬಿಡಿ ಅಂದಾಗ ಬಿಡುತ್ತಾರಾ, ಎರಡು ಬೆರಳು ತೋರಿಸುತ್ತಾರಾ ಅಂತ ನೋಡಬೇಕು. ಮತ್ತೆ ಭಾಷೆ. ತುಳು ಮಾತ್ರ ಬರುವ ಅಜ್ಜಿಯನ್ನು ಕನ್ನಡದಲ್ಲಿ ಕೇಳಿ, ಉತ್ತರ ಬರಲಿಲ್ಲ ಅಂತ ಅಂಕ ಕಳೆದರೆ ಅದು ನಮ್ಮ ತಪ್ಪು. "ಈರೆನ ಪುದರ್ ದಾದ?" ಅಂದರೆ ಅದೇ ಅಜ್ಜಿ ಪಟ್ಟನೆ ಹೆಸರು ಹೇಳುತ್ತಾರೆ. ಡ್ಯೂಟಿ ಬದಲಾಗುವಾಗ ಬರೀ ಚಾರ್ಟ್ ಕೊಟ್ಟು ಹೋಗುವುದಿಲ್ಲ, ಮುಂದಿನ ಸಿಸ್ಟರ್ ಜೊತೆ ನಿಂತು ಒಟ್ಟಿಗೇ ಎಬ್ಬಿಸಿ ನೋಡುತ್ತೇವೆ.

ಈಗ ರೋಗಿ ಬಂದ ತಕ್ಷಣ ಮನೆಯವರನ್ನು ಕೂರಿಸಿಕೊಂಡು ಹೇಳಿಬಿಡುತ್ತೇನೆ: ರಾತ್ರಿಯೆಲ್ಲಾ ಎಬ್ಬಿಸುತ್ತೇನೆ, ಚಿವುಟುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೊರಕೆ ಹೊಸದಾಗಿ ಶುರುವಾದರೆ, ವಾಂತಿ ಆದರೆ, ನಿಮಗೆ ಏನೋ ಸರಿ ಇಲ್ಲ ಅನ್ನಿಸಿದರೂ ಸರಿ, ನನ್ನನ್ನು ಕೂಗಿ. ಆಮೇಲೆ ಕೇಳುತ್ತೇನೆ, ಮನೆಯಲ್ಲಿ ಇವರನ್ನು ಏನಂತ ಕರೀತೀರಿ?